ಚಿಪ್ಪಿನ ಬಿಸಿಗೆ ವಜ್ರದ ಪುಡಿಯೋ, ಇಂಗಾಲದ ಹಾಳೆಯೋ?

ಬೇಸಿಗೆಯಲ್ಲಿ ಬದಿಯಡ್ಕದ ನನ್ನ ರಿಪೇರಿ ಅಂಗಡಿಗೆ ಬರುವ ಲ್ಯಾಪ್‌ಟಾಪುಗಳ ದೂರು ಹೆಚ್ಚಾಗಿ ಒಂದೇ: ಫ್ಯಾನು ಬೊಬ್ಬಿಡುತ್ತದೆ, ಕೆಲಸ ಮಾತ್ರ ನಿಧಾನ. ಬಿಚ್ಚಿದರೆ ಪ್ರೊಸೆಸರ್ ಚಿಪ್ಪಿಗೂ ತಾಮ್ರದ ತಟ್ಟೆಗೂ ನಡುವೆ ಬಿಸಿ ದಾಟಿಸಲು ಹಚ್ಚಿದ ಪೇಸ್ಟ್ ಅಂಚಿಗೆ ಸರಿದು ಕೂತಿರುತ್ತದೆ. ಕಾದು ತಣಿಯುವಾಗಲೆಲ್ಲ ಚಿಪ್ಪು ಹಿಗ್ಗಿ ಕುಗ್ಗಿ ಅದನ್ನು ಹೊರದಬ್ಬುತ್ತದೆ.

‘ವಜ್ರದ ಪೇಸ್ಟ್ ಹಾಕಿ’ ಎಂದು ಕೇಳುವವರಿದ್ದಾರೆ. ಆಸೆಗೆ ಕಾರಣವೂ ಇದೆ. ಬಿಸಿ ಸಾಗಿಸುವ ಗುಣವಾದ ಉಷ್ಣವಾಹಕತೆಯಲ್ಲಿ (ವ್ಯಾಟ್/ಮೀಟರ್-ಕೆಲ್ವಿನ್ ಲೆಕ್ಕದಲ್ಲಿ) ತಾಮ್ರ ಸುಮಾರು 400 ಆದರೆ ಒಳ್ಳೆಯ ವಜ್ರ ಸುಮಾರು 2000. ಚಿನ್ನದಂಗಡಿಯವರ ಪರೀಕ್ಷೆಯ ಪೆನ್ನು ಇದನ್ನೇ ನಂಬಿಕೊಂಡಿದೆ: ಕಾದ ತುದಿಯನ್ನು ಕಲ್ಲಿಗೆ ಮುಟ್ಟಿಸಿದಾಗ ಗಾಜಾದರೆ ಸುಮ್ಮನಿರುತ್ತದೆ, ವಜ್ರ ಬಿಸಿಯನ್ನು ಥಟ್ಟನೆ ಎಳೆದುಕೊಂಡರೆ ಕೂಗುತ್ತದೆ. ಸೂರತ್ತಿನ ಲ್ಯಾಬಿನಲ್ಲಿ ಬೆಳೆದ ವಜ್ರಕ್ಕೂ ಅದೇ ಕೂಗು.

ಪೇಸ್ಟಿನಲ್ಲಿರುವ ವಜ್ರದ ಪುಡಿಯ ಕಥೆ ಬೇರೆ. ಕಣಕಣದ ನಡುವೆ ಗ್ರೀಸ್ ಇರುತ್ತದೆ, ಪ್ರತಿ ಗಡಿಯಲ್ಲೂ ಉಷ್ಣ ತಡೆಯುತ್ತದೆ. ಹಾಗಾಗಿ ಅಂಥ ಪೇಸ್ಟ್ ತಾಮ್ರದ ಹತ್ತಿರಕ್ಕೂ ಸುಳಿಯದು. ಮೀಥೇನ್, ಹೈಡ್ರೋಜನ್ ಅನಿಲಗಳಿಂದ ಪದರಪದರವಾಗಿ ಬೆಳೆಸಿದ ಅಖಂಡ ಬಿಲ್ಲೆಯನ್ನು ಲೇಸರ್ ಡಯೋಡಿನ ಅಡಿ ಕೂರಿಸಿದಾಗಲೇ ವಜ್ರದ ಪೂರ್ಣ ಬಲ ಸಿಗುವುದು.

ನಾನು ನೆಚ್ಚಿಕೊಂಡಿರುವುದು ಪೇಸ್ಟಿನ ಬದಲು ಇಡುವ ಇಂಗಾಲದ ಪ್ಯಾಡನ್ನು. ಇದರಲ್ಲಿ ದಿಕ್ಕೇ ಮುಖ್ಯ. ಮೊಬೈಲಿನೊಳಗಿನ ಗ್ರಾಫೈಟ್ ಹಾಳೆ ಉಷ್ಣವನ್ನು ಅಗಲಕ್ಕೆ ತಾಮ್ರಕ್ಕಿಂತ ಚೆನ್ನಾಗಿ ಹರಡುತ್ತದೆ, ದಪ್ಪದಲ್ಲಿ ದಾಟಿಸಲು ಒದ್ದಾಡುತ್ತದೆ. ಉದ್ದಕ್ಕೆ ಸಲೀಸಾಗಿ ಸೀಳುವ ಅಡಿಕೆ ಹಾಳೆ ಅಡ್ಡಕ್ಕೆ ಹಟ ಹಿಡಿದಂತೆ. ಆದ್ದರಿಂದ ಚಿಪ್ಪಿನ ಮೇಲಿಡಲು ಇಂಗಾಲದ ನಾರುಗಳು ನೆಟ್ಟಗೆ ನಿಂತಿರುವ ಪ್ಯಾಡನ್ನೇ ತರಿಸುತ್ತೇನೆ.

ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಚಿಪ್ಪು ಕನ್ನಡಿಯಂತಾದ ಮೇಲೆ ಪ್ಯಾಡನ್ನು ಅದರ ಅಳತೆಗೆ ಕತ್ತರಿಸುತ್ತೇನೆ. ವಜ್ರದಲ್ಲಿ ವಿದ್ಯುತ್ ಹರಿಯದು, ಈ ಇಂಗಾಲದಲ್ಲಿ ಹರಿಯುತ್ತದೆ! ಚಿಪ್ಪಿನ ಸುತ್ತಲಿನ ಸಾಸಿವೆಗಾತ್ರದ ಕೆಪಾಸಿಟರುಗಳಿಗೆ ತಗುಲಿದರೆ ಬೋರ್ಡೇ ಹೋದೀತು. ಅವುಗಳ ಮೇಲೆ ಮೊದಲೇ ಶಾಖ ತಡೆಯುವ ಹಳದಿ ಟೇಪ್ ಅಂಟಿಸುತ್ತೇನೆ. ತಟ್ಟೆಯ ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಒತ್ತಡ ಸಮನಾಗಿ ಬೀಳದಿದ್ದರೆ ಎಷ್ಟು ದುಬಾರಿ ಪ್ಯಾಡೂ ದಂಡ.

ಹೊಸ ಪೇಸ್ಟ್ ಮೊದಲ ವಾರ ಇದಕ್ಕಿಂತ ತಂಪಾಗಿಡಬಹುದು. ಆದರೆ ಪ್ಯಾಡ್ ಒಣ ವಸ್ತು, ಸರಿದು ಹೋಗುವುದಿಲ್ಲ. ಮೆಮೊರಿ ಚಿಪ್ಪುಗಳ ಅಗಲ ಸಂದಿಗೆ ಮಾತ್ರ ಇದನ್ನು ಹಾಕುವುದಿಲ್ಲ, ಅಲ್ಲಿ ಮೆತ್ತನೆಯ ಸಿಲಿಕೋನ್ ಪ್ಯಾಡೇ ಸರಿ.