ಹವಾಮಾನ ಬದಲಾವಣೆಯನ್ನು ನಂಬದವರ ಜೊತೆ ನಾನು ಮಾತಾಡುವ ರೀತಿ

ಭೌತಶಾಸ್ತ್ರ ಪಾಠ ಮಾಡುವುದು ನನ್ನ ಕೆಲಸ. ಹಾಗಾಗಿ ಭೂಮಿ ಬಿಸಿಯಾಗುತ್ತಿದೆ ಅನ್ನುವ ಸುದ್ದಿ ಬಂದಾಗಲೆಲ್ಲ ಮನೆಯವರು, ಸ್ನೇಹಿತರು, ಜೊತೆಗೆ ಕೆಲಸ ಮಾಡುವವರು ನನ್ನ ಕಡೆ ತಿರುಗುತ್ತಾರೆ. ತಿಳಿದುಕೊಳ್ಳೋಣ ಅಂತ ಕೇಳುವವರು ಸ್ವಲ್ಪ ಜನ. "ಇದೆಲ್ಲ ಬರೀ ಬೊಗಳೆ, ಅಲ್ವಾ?" ಅಂತ ನನ್ನ ಬಾಯಿಂದ ಹೂಂ ಅನ್ನಿಸಲು ಬರುವವರು ಜಾಸ್ತಿ. ಇವರಿಂದ ನಾನು ತಪ್ಪಿಸಿಕೊಂಡು ಹೋಗುವುದಿಲ್ಲ. ಕೂತು ಮಾತಾಡುತ್ತೇನೆ. ಕೆಲವರ ಅಭಿಪ್ರಾಯ ನಿಧಾನಕ್ಕೆ ಬದಲಾದದ್ದನ್ನೂ ನೋಡಿದ್ದೇನೆ.

ನಾನು ಮೊದಲು ಮಾಡುವ ಕೆಲಸ ಒಂದು ಪ್ರಶ್ನೆ ಕೇಳುವುದು: "ಇದರಲ್ಲಿ ನಿಮಗೆ ಯಾವುದು ಸರಿ ಕಾಣ್ತಿಲ್ಲ?" ಭೂಮಿ ಬಿಸಿಯೇ ಆಗುತ್ತಿಲ್ಲ ಅಂತಲೋ? ಆಗುತ್ತಿದೆ, ಆದರೆ ಮನುಷ್ಯರಿಂದ ಅಲ್ಲ ಅಂತಲೋ? ವಿಜ್ಞಾನಿಗಳು ಹೇಳುವುದರ ಮೇಲೆ ನಂಬಿಕೆ ಇಲ್ವಾ? ಅಥವಾ ಇದಕ್ಕೆ ಹೇಳುತ್ತಿರುವ ಪರಿಹಾರ ನಮ್ಮ ಜೇಬಿಗೆ ಕತ್ತರಿ ಹಾಕುತ್ತದೆ ಅನ್ನುವ ಭಯವೋ? ನಾಲ್ಕೂ ಬೇರೆ ಬೇರೆ ಅನುಮಾನಗಳು. ಖರ್ಚಿನ ಚಿಂತೆಯಲ್ಲಿರುವವರ ಮುಂದೆ ತಾಪಮಾನದ ಗ್ರಾಫ್ ಹಿಡಿದರೆ ಏನೂ ಪ್ರಯೋಜನವಿಲ್ಲ. ಈ ಪ್ರಶ್ನೆ ಕೇಳಿ ಸುಮ್ಮನಾಗುತ್ತೇನೆ. ಅವರು ಹೇಳಿ ಮುಗಿಸುವ ತನಕ ಮಧ್ಯೆ ಬಾಯಿ ಹಾಕುವುದಿಲ್ಲ. ಎಷ್ಟೋ ಸಲ ಮಾತಾಡುತ್ತ ಮಾತಾಡುತ್ತ ಅವರಿಗೇ ತಮ್ಮ ಅನುಮಾನ ಯಾವುದು ಅಂತ ಸ್ಪಷ್ಟವಾಗುತ್ತದೆ.

ನನ್ನ ಸೋದರಮಾವನ ಜೊತೆ ಆದ ಮಾತನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನನಗೆ ದಾರಿ ತೋರಿಸಿದ್ದು ಅದೇ. ಮಾವ ಬಾಯ್ಲರ್ ಎಂಜಿನಿಯರ್, ಈಗ ನಿವೃತ್ತರು. ಲೆಕ್ಕ ಇಲ್ಲದೆ ಯಾವುದನ್ನೂ ಒಪ್ಪುವವರಲ್ಲ. ಅವರ ತಕರಾರು ಇಷ್ಟೇ: "ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರೋದೇ ನೂರಕ್ಕೆ 0.04 ಭಾಗ. ಅಷ್ಟರಿಂದ ಭೂಮಿ ಬಿಸಿ ಆಗುತ್ತೆ ಅಂದ್ರೆ ಯಾರು ನಂಬ್ತಾರೆ?"

ನಾನು ಹವಾಮಾನದ ಸುದ್ದಿಯನ್ನೇ ಎತ್ತಲಿಲ್ಲ. "ಮಾವ, ಬಾಯ್ಲರ್ ಒಳಗೆ ಬಿಸಿ ಅನಿಲದಿಂದ ಟ್ಯೂಬುಗಳಿಗೆ ವಿಕಿರಣದಿಂದ ಎಷ್ಟು ಶಾಖ ಹೋಗುತ್ತೆ ಅಂತ ಲೆಕ್ಕ ಹಾಕ್ತೀರಲ್ಲ, ಆಗ ಯಾವ ಯಾವ ಅನಿಲ ಹಿಡೀತೀರಿ?" ಅಂತ ಕೇಳಿದೆ.

"ಇಂಗಾಲದ ಡೈಆಕ್ಸೈಡ್, ನೀರಾವಿ. ನೈಟ್ರೋಜನ್, ಆಕ್ಸಿಜನ್ ಲೆಕ್ಕಕ್ಕೇ ಬರಲ್ಲ. ಅವು ಶಾಖದ ಕಿರಣ ಹೀರೋದೂ ಇಲ್ಲ, ಬಿಡೋದೂ ಇಲ್ಲ."

"ಬರೀ ಶೇಕಡಾವಾರು ನೋಡಿದರೆ ಸಾಕಾ?"

"ಸಾಕಾಗಲ್ಲ. ಆಂಶಿಕ ಒತ್ತಡ, ಅಂದ್ರೆ ಒಟ್ಟು ಒತ್ತಡದಲ್ಲಿ ಆ ಅನಿಲದ ಪಾಲು ಎಷ್ಟು, ಕಿರಣ ಎಷ್ಟು ದಪ್ಪದ ಅನಿಲ ದಾಟಬೇಕು, ಎರಡನ್ನೂ ಗುಣಿಸಬೇಕು."

ಅಷ್ಟು ಹೇಳಿ ಅವರೇ ಪೆನ್ನು ತೆಗೆದುಕೊಂಡರು. ಬಾಯ್ಲರಿನಲ್ಲಿ ಇಂಗಾಲದ ಡೈಆಕ್ಸೈಡ್ ನೂರಕ್ಕೆ ಸುಮಾರು 12, ದಪ್ಪ 3 ಮೀಟರ್ ಅಂತ ಹಿಡಿದರು. 0.12ನ್ನು 3ರಿಂದ ಗುಣಿಸಿದರೆ 0.36. ವಾತಾವರಣವನ್ನೆಲ್ಲ ನೆಲಮಟ್ಟದ ಒತ್ತಡಕ್ಕೆ ಒತ್ತಿದರೆ ಸುಮಾರು 8 ಕಿಲೋಮೀಟರ್ ದಪ್ಪ ಆಗುತ್ತದೆ ಅಂತ ನಾನು ಹೇಳಿದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್‌ನ ಪಾಲು 0.00042, ಅದನ್ನು 8000 ಮೀಟರಿನಿಂದ ಗುಣಿಸಿದರು. 3.4 ಬಂತು. ಬಾಯ್ಲರಿನಲ್ಲಿ ಇರುವುದಕ್ಕಿಂತ ಒಂಬತ್ತು ಪಟ್ಟು ಜಾಸ್ತಿ.

ಮಾವ ಅಷ್ಟಕ್ಕೇ ಬಿಡುವವರಲ್ಲ. ಬಾಯ್ಲರಿನ ಅನಿಲ ಸಾವಿರ ಡಿಗ್ರಿಯಲ್ಲಿ ಇರುತ್ತದೆ, ಎರಡನ್ನೂ ನೇರವಾಗಿ ಹೋಲಿಸಬಾರದು ಅಂದರು. ಅವರ ಮಾತು ಸರಿಯೇ. ಭೂಮಿ ಬಿಡುವ ಶಾಖದ ಅಲೆಯ ಉದ್ದವೇ ಬೇರೆ. ಆದರೆ ಸುಮಾರು 15 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಉದ್ದದ ಅಲೆಗಳು ಅದರಲ್ಲಿ ದಂಡಿಯಾಗಿವೆ, ಇಂಗಾಲದ ಡೈಆಕ್ಸೈಡ್ ಜೋರಾಗಿ ಹೀರುವುದು ಅಲ್ಲೇ. ಆಮೇಲೆ ಅವರಿಂದ ಇನ್ನೂ ಒಳ್ಳೆಯ ಪ್ರಶ್ನೆ ಬಂತು. "ಈಗಿರೋದೇ ಇಷ್ಟೊಂದು ಹೀರ್ತಿದ್ರೆ, ಇನ್ನಷ್ಟು ಸೇರಿಸಿದ್ರೆ ಏನು ವ್ಯತ್ಯಾಸ ಆಗುತ್ತೆ? ಹೀರೋಕೆ ಉಳಿದಿರೋದೇನು?"

ಇದೇ ಪ್ರಶ್ನೆಯನ್ನು 1900ರಲ್ಲಿ ಸ್ವೀಡನ್ನಿನ ಭೌತವಿಜ್ಞಾನಿ ನೂಟ್ ಆಂಗ್‌ಸ್ಟ್ರಾಮ್ ಎತ್ತಿದ್ದರು. ಅದಕ್ಕೆ ಗಟ್ಟಿಯಾದ ಉತ್ತರ ಸಿಗಲು 1950ರ ದಶಕದ ತನಕ ಕಾಯಬೇಕಾಯಿತು. ಮಾವನಿಗೆ ಇದನ್ನು ಹೇಳಿದಾಗ ಅವರ ಮುಖ ಅರಳಿತು. ನನಗೂ ಖುಷಿಯಾಯಿತು, ಯಾಕೆಂದರೆ ಅದು ನಿಜಕ್ಕೂ ದೊಡ್ಡ ಪ್ರಶ್ನೆ. ಉತ್ತರ ಇರುವುದು ಮೇಲಿನ ತೆಳು ಗಾಳಿಯಲ್ಲಿ. ಶಾಖ ಕೊನೆಗೆ ಅಂತರಿಕ್ಷಕ್ಕೆ ತಪ್ಪಿಸಿಕೊಳ್ಳುವುದು ಅಲ್ಲಿಂದ. ಇಂಗಾಲದ ಡೈಆಕ್ಸೈಡ್ ಹೆಚ್ಚಾದಷ್ಟೂ ಆ ತಪ್ಪಿಸಿಕೊಳ್ಳುವ ಮಟ್ಟ ಇನ್ನೂ ಮೇಲಕ್ಕೆ ಹೋಗುತ್ತದೆ. ಅಲ್ಲಿ ಗಾಳಿ ಇನ್ನೂ ತಣ್ಣಗಿರುತ್ತದೆ. ತಣ್ಣಗಿನ ಗಾಳಿ ಕಡಿಮೆ ಶಾಖ ಹೊರಗೆ ಬಿಡುತ್ತದೆ. ಒಳಗೆ ಬರುವುದು ಅಷ್ಟೇ, ಹೊರಗೆ ಹೋಗುವುದು ಕಡಿಮೆ. ಸರಿದೂಗಬೇಕಾದರೆ ಕೆಳಗೆ ಬಿಸಿ ಏರಲೇಬೇಕು.

ಮಾವ ಅವತ್ತೇನೂ "ಒಪ್ಪಿದೆ" ಅನ್ನಲಿಲ್ಲ. ನಾನೂ ಕೇಳಲಿಲ್ಲ. ಲೆಕ್ಕದ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಒಂದು ದಿನ ಅವರೇ ಫೋನ್ ಮಾಡಿ, ಮೋಡಗಳ ಲೆಕ್ಕ ಹೇಗೆ ಹಿಡೀತಾರೆ ಅಂತ ಕೇಳಿದರು.

ಎದುರಿನವರ ಕೈಯಲ್ಲಿರುವ ತಿಳಿವಳಿಕೆಯಿಂದಲೇ ಮಾತು ಶುರು ಮಾಡಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ. ಬೇಸಾಯ ಮಾಡುವವರಿಗೆ ಹಂಗಾಮು ಗೊತ್ತು. ವಿಮೆಯ ಕೆಲಸದವರಿಗೆ ಅಪಾಯದ ಲೆಕ್ಕ ಗೊತ್ತು. ತಾವೇ ಹಾಕಿದ ಲೆಕ್ಕವನ್ನು ಯಾರೂ ಸುಲಭಕ್ಕೆ ತಳ್ಳಿಹಾಕುವುದಿಲ್ಲ.

"ಹವಾಮಾನ ಯಾವತ್ತೂ ಬದಲಾಗ್ತಾನೇ ಇತ್ತಲ್ಲ" ಅನ್ನುವವರಿಗೆ ನಾನು ಮೊದಲು ಹೌದು ಅನ್ನುತ್ತೇನೆ. ನಿಜ ತಾನೇ? ಸುಮಾರು 20,000 ವರ್ಷಗಳ ಹಿಂದೆ ಹಿಮಯುಗವಿತ್ತು. ಆಮೇಲೆ ಕೇಳುತ್ತೇನೆ, "ಆಗ ಯಾಕೆ ಬದಲಾಯ್ತು?" ಇಲ್ಲಿ ಬಹಳಷ್ಟು ಜನ ನಿಲ್ಲುತ್ತಾರೆ. ಭೂಮಿಯ ಕಕ್ಷೆ ಮತ್ತು ವಾಲುವಿಕೆ ಸಾವಿರಾರು ವರ್ಷಗಳಲ್ಲಿ ನಿಧಾನಕ್ಕೆ ಬದಲಾಗುತ್ತವೆ, ಅದರಿಂದ ಶುರುವಾದ ಬದಲಾವಣೆಯನ್ನು ಇಂಗಾಲದ ಡೈಆಕ್ಸೈಡ್ ಇನ್ನಷ್ಟು ಹೆಚ್ಚಿಸಿತು ಅಂತ ವಿವರಿಸುತ್ತೇನೆ. ಹಿಮಯುಗ ಮುಗಿದು ಭೂಮಿಯ ಸರಾಸರಿ ತಾಪಮಾನ ಸುಮಾರು 5ರಿಂದ 6 ಡಿಗ್ರಿ ಏರಲು ಸುಮಾರು 10,000 ವರ್ಷ ಹಿಡಿಯಿತು. ಈಗ ಒಂದೂವರೆ ಶತಮಾನದಲ್ಲಿ 1 ಡಿಗ್ರಿಗೂ ಜಾಸ್ತಿ ಏರಿದೆ, ಅದರಲ್ಲಿ ಬಹುಪಾಲು 1970ರಿಂದ ಈಚೆಗೆ. ಕಾರಣವಿಲ್ಲದೆ ಹವಾಮಾನ ಯಾವತ್ತೂ ಬದಲಾಗಿಲ್ಲ. ಹಾಗಾದರೆ ಈ ಸಲದ ಕಾರಣ ಯಾವುದು ಅನ್ನುವ ಪ್ರಶ್ನೆ ತಾನಾಗಿಯೇ ಮುಂದೆ ಬರುತ್ತದೆ.

ಸೂರ್ಯ ಅನ್ನುತ್ತಾರೆ ಕೆಲವರು. ಸೂರ್ಯನೇ ಜಾಸ್ತಿ ಕಾಯಿಸುತ್ತಿದ್ದರೆ ವಾತಾವರಣ ಮೇಲಿನಿಂದ ಕೆಳಗಿನ ತನಕ ಬಿಸಿಯಾಗಬೇಕಿತ್ತು. ಕೆಳಗಿನ ಪದರ ಬಿಸಿಯಾಗುತ್ತಿದೆ, ಅದರ ಮೇಲಿನ ಸ್ಟ್ರಾಟೋಸ್ಫಿಯರ್ ತಣ್ಣಗಾಗುತ್ತಿದೆ. 1978ರಿಂದ ಉಪಗ್ರಹಗಳು ಸೂರ್ಯನ ಶಕ್ತಿಯನ್ನು ಅಳೆಯುತ್ತಿವೆ, ಅದು ಏರುತ್ತಾ ಹೋಗಿಲ್ಲ. ಜ್ವಾಲಾಮುಖಿ ಅನ್ನುವವರಿಗೆ ಉತ್ತರ ಇನ್ನೂ ಚಿಕ್ಕದು: ಅವು ವರ್ಷಕ್ಕೆ ಉಗುಳುವ ಇಂಗಾಲದ ಡೈಆಕ್ಸೈಡ್ ಮನುಷ್ಯರು ಬಿಡುವುದರ ನೂರಕ್ಕೆ ಒಂದು ಭಾಗವೂ ಇಲ್ಲ. ಉಳಿಯುವ ಕಾರಣ ಕಲ್ಲಿದ್ದಲು, ಎಣ್ಣೆ ಸುಟ್ಟು ನಾವೇ ಗಾಳಿಗೆ ಸೇರಿಸುತ್ತಿರುವ ಇಂಗಾಲದ ಡೈಆಕ್ಸೈಡ್.

ವಿಜ್ಞಾನಿಗಳ ಮೇಲೇ ನಂಬಿಕೆ ಇಲ್ಲದವರ ಜೊತೆ ಮಾತು ಕಷ್ಟ. ಅಂಕಿ ಅಂಶ ಕೊಟ್ಟರೆ ಅದನ್ನೂ ಅವರೇ ತಾನೇ ಅಳೆದದ್ದು ಅನ್ನುತ್ತಾರೆ. ಇಂಥವರಿಗೆ ನಾನು ರಿಚರ್ಡ್ ಮುಲ್ಲರ್ ಕಥೆ ಹೇಳುತ್ತೇನೆ. ಅಮೆರಿಕದ ಈ ಭೌತವಿಜ್ಞಾನಿಗೆ ತಾಪಮಾನದ ದಾಖಲೆಗಳ ಮೇಲೆ ಗಂಭೀರ ಅನುಮಾನವಿತ್ತು. 2010ರಲ್ಲಿ ತಮ್ಮದೇ ತಂಡ ಕಟ್ಟಿ ಎಲ್ಲವನ್ನೂ ಮೊದಲಿನಿಂದ ಲೆಕ್ಕ ಹಾಕಲು ಹೊರಟರು. ಹಣ ಕೊಟ್ಟವರಲ್ಲಿ ಪೆಟ್ರೋಲಿಯಂ ಉದ್ಯಮದ ಚಾರ್ಲ್ಸ್ ಕೋಕ್ ಅವರ ಪ್ರತಿಷ್ಠಾನವೂ ಇತ್ತು. 2012ರಲ್ಲಿ ಮುಲ್ಲರ್ ಬಹಿರಂಗವಾಗಿ ಬರೆದರು: ಭೂಮಿ ಬಿಸಿಯಾಗುತ್ತಿರುವುದು ನಿಜ, ಅದಕ್ಕೆ ಹೆಚ್ಚುಕಮ್ಮಿ ಪೂರ್ತಿಯಾಗಿ ಮನುಷ್ಯರೇ ಕಾರಣ. ಅನುಮಾನ ಪಡುವುದನ್ನು ಈ ಕಥೆ ಅವಮಾನ ಮಾಡುವುದಿಲ್ಲ, ಅದಕ್ಕೇ ಇದು ನನಗೆ ಇಷ್ಟ. ಜೊತೆಗೆ ವಿಜ್ಞಾನದ ವಯಸ್ಸನ್ನೂ ಹೇಳುತ್ತೇನೆ. ಇಂಗಾಲದ ಡೈಆಕ್ಸೈಡ್ ತುಂಬಿದ ಗಾಜಿನ ಕೊಳವೆ ಬಿಸಿಲಿಗೆ ಜಾಸ್ತಿ ಕಾಯುತ್ತದೆ ಅಂತ ಅಮೆರಿಕದ ವಿಜ್ಞಾನಿ ಯೂನಿಸ್ ಫೂಟ್ ತೋರಿಸಿದ್ದು 1856ರಲ್ಲಿ. ಈ ಅನಿಲ ಎರಡು ಪಟ್ಟಾದರೆ ಭೂಮಿ ಎಷ್ಟು ಬಿಸಿಯಾಗಬಹುದು ಅಂತ ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಅರೇನಿಯಸ್ ಲೆಕ್ಕ ಹಾಕಿದ್ದು 1896ರಲ್ಲಿ. ಅನುದಾನದ ಆಸೆಗೆ ಹೇಳಿದರು ಅನ್ನಲು ಇವತ್ತಿನ ಯಾವ ಸರ್ಕಾರದ ಅನುದಾನವೂ ಆಗ ಇರಲಿಲ್ಲ.

ಜೇಬಿನ ಭಯದ ವಿಷಯಕ್ಕೆ ಬರುತ್ತೇನೆ. ನನ್ನ ಪ್ರಕಾರ ಅರ್ಧಕ್ಕಿಂತ ಜಾಸ್ತಿ ಅನುಮಾನಗಳ ಬೇರು ಇಲ್ಲೇ ಇದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರಾದ ಟ್ರಾಯ್ ಕ್ಯಾಂಪ್‌ಬೆಲ್ ಮತ್ತು ಆರನ್ ಕೇ 2014ರಲ್ಲಿ ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ಪರಿಹಾರ ಅಂದರೆ ಸರ್ಕಾರದ ಕಟ್ಟುಪಾಡು ಅಂತ ಹೇಳಿದಾಗ ರಿಪಬ್ಲಿಕನ್ ಪಕ್ಷದ ಕಡೆಯವರು ವಿಜ್ಞಾನವನ್ನು ಒಪ್ಪುವುದು ಕಡಿಮೆಯಾಯಿತು. ಮುಕ್ತ ಮಾರುಕಟ್ಟೆಯ ಪರಿಹಾರ ಹೇಳಿದಾಗ ಒಪ್ಪುವುದು ಹೆಚ್ಚಾಯಿತು. ವಿಜ್ಞಾನ ಎರಡೂ ಕಡೆ ಒಂದೇ.

ಲಾರಿಗಳನ್ನು ಇಟ್ಟುಕೊಂಡು ಸಾಗಣೆ ವ್ಯವಹಾರ ಮಾಡುವ ಪರಿಚಯದವರೊಬ್ಬರು ಈ ವಿಷಯ ಬಂದರೆ ಸಿಡುಕುತ್ತಿದ್ದರು. "ಇವರೆಲ್ಲ ಸೇರಿ ಡೀಸೆಲ್ ಗಾಡಿ ನಿಲ್ಲಿಸಿಬಿಡ್ತಾರೆ, ನನ್ನ ಸಾಲ ಯಾರು ಕಟ್ತಾರೆ?" ಅನ್ನುವುದು ಅವರ ಮಾತು. ಆ ಭಯ ನ್ಯಾಯವಾದದ್ದು. ನಾನು ಹೇಳಿದೆ, "ನಿಮ್ಮ ಸಾಲದ ಪ್ರಶ್ನೆ ದೊಡ್ಡದು, ಅದಕ್ಕೆ ಉತ್ತರ ಬೇಕೇ ಬೇಕು. ಆದರೆ ಕಾಯಿಲೆ ಇದೆಯಾ ಅನ್ನೋದು ಬೇರೆ, ಔಷಧಿ ಯಾವುದು, ಅದರ ಖರ್ಚು ಯಾರು ಕೊಡಬೇಕು ಅನ್ನೋದು ಬೇರೆ. ಎರಡನೆಯದರಲ್ಲಿ ನಿಮ್ಮಂಥವರು ಕೂತು ಜಗಳ ಆಡಬೇಕು. ಮೊದಲನೆಯದನ್ನೇ ಇಲ್ಲ ಅಂದ್ರೆ ಆ ಮಾತುಕತೆಗೆ ನಿಮ್ಮನ್ನ ಕರೆಯೋದೇ ಇಲ್ಲ." ಅವತ್ತಿನಿಂದ ನಮ್ಮ ಮಾತು ಗಾಡಿ ಬದಲಿಸಲು ಎಷ್ಟು ವರ್ಷ ಬೇಕು, ಸಾಲದ ಬಡ್ಡಿ ಹೇಗಿರಬೇಕು ಅನ್ನುವ ಕಡೆ ಹೋಗಿದೆ. ಬಿಸಿಯಾಗುತ್ತಿದೆಯೋ ಇಲ್ಲವೋ ಅನ್ನುವ ಚರ್ಚೆ ಆಮೇಲೆ ಬರಲೇ ಇಲ್ಲ.

ಒಂದು ಎಚ್ಚರಿಕೆ ನಾನು ಯಾವಾಗಲೂ ಇಟ್ಟುಕೊಳ್ಳುತ್ತೇನೆ. ಇದ್ದದ್ದಕ್ಕಿಂತ ಜಾಸ್ತಿ ಹೇಳುವುದಿಲ್ಲ. ಪ್ರತಿ ಬಿರುಗಾಳಿಗೂ ಹವಾಮಾನ ಬದಲಾವಣೆಯೇ ಕಾರಣ ಅನ್ನುವುದಿಲ್ಲ. ಇಂಥ ವರ್ಷಕ್ಕೆ ಪ್ರಪಂಚ ಮುಗಿಯುತ್ತದೆ ಅನ್ನುವುದಿಲ್ಲ. ಬಿಸಿಗಾಳಿ, ಜಡಿಮಳೆ ಹೆಚ್ಚಾಗುತ್ತವೆ ಅನ್ನುವುದರಲ್ಲಿ ವಿಜ್ಞಾನ ಗಟ್ಟಿಯಾಗಿದೆ. ಮೋಡಗಳ ವಿಷಯದಲ್ಲಿ ಅಷ್ಟು ಗಟ್ಟಿಯಿಲ್ಲ. ಇಂಗಾಲದ ಡೈಆಕ್ಸೈಡ್ ಎರಡು ಪಟ್ಟಾದರೆ ಬಿಸಿ ಎಷ್ಟು ಏರಬಹುದು ಅನ್ನುವುದಕ್ಕೆ ಹವಾಮಾನ ಬದಲಾವಣೆಯ ಬಗ್ಗೆ ವಿಶ್ವಸಂಸ್ಥೆಯ ಸಮಿತಿಯಾದ ಐಪಿಸಿಸಿಯ 2021ರ ವರದಿ ಕೊಟ್ಟಿರುವ ಅಂದಾಜು 2.5ರಿಂದ 4 ಡಿಗ್ರಿ. ಇದನ್ನು ಮುಚ್ಚಿಡದೆ ಹೇಳಿದರೆ ಅನುಮಾನದ ಮನುಷ್ಯ ಉಳಿದ ಮಾತನ್ನು ನಂಬುತ್ತಾನೆ. ಒಂದು ಉತ್ಪ್ರೇಕ್ಷೆ ಸಿಕ್ಕಿಬಿದ್ದರೆ ಹತ್ತು ನಿಜಗಳೂ ಅದರ ಜೊತೆ ಹೋಗುತ್ತವೆ.

ಹತ್ತಾರು ಜನ ಇರುವ ವಾಟ್ಸಾಪ್ ಗುಂಪಿನಲ್ಲಿ ನನ್ನ ಪದ್ಧತಿ ಬೇರೆ. ಅಲ್ಲಿ ಸುಳ್ಳು ಸಂದೇಶ ಬಂದರೆ ಅದನ್ನು ಕಳಿಸಿದವರ ಹೆಸರೆತ್ತಿ ತಿದ್ದುವುದಿಲ್ಲ. ಎಲ್ಲರ ಮುಂದೆ ಸೋಲಲು ಯಾರಿಗೂ ಮನಸ್ಸಿರುವುದಿಲ್ಲ. ಸರಿಯಾದ ಸಂಗತಿಯನ್ನು ಎರಡು ಸಾಲಿನಲ್ಲಿ ಬರೆಯುತ್ತೇನೆ. ಉದಾಹರಣೆಗೆ, "1958ರಲ್ಲಿ ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಹವಾಯಿಯ ಮೌನಾ ಲೋವಾದಲ್ಲಿ ಅಳೆಯಲು ಶುರು ಮಾಡಿದಾಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 315 ಭಾಗ ಇತ್ತು, ಈಗ 420 ದಾಟಿದೆ." ಸುಮ್ನೆ ಓದಿ ಹೋಗುವವರಿಗೆ ಅಷ್ಟು ಸಾಕು. ಸಂದೇಶ ಕಳಿಸಿದವರಿಗೆ ಸಂಜೆ ಫೋನ್ ಮಾಡುತ್ತೇನೆ. ಮೊದಲು ಅವರ ಯೋಗಕ್ಷೇಮ ವಿಚಾರಿಸುತ್ತೇನೆ, ಆಮೇಲೆ ಅದೇ ಪ್ರಶ್ನೆ: ಇದರಲ್ಲಿ ನಿಮಗೆ ಯಾವುದು ಸರಿ ಕಾಣ್ತಿಲ್ಲ?