ಹಳೆಯ ಝೆನ್‌ಗೆ ಬೇರೆ ಅಳತೆಯ ಟೈರ್: ನನ್ನ ಅನುಭವ

ನಮ್ಮ ಹಳೆಯ ಮಾರುತಿ ಝೆನ್‌ನಲ್ಲಿದ್ದ ಟೈರ್ 145/70 ಆರ್13. ಉಡುಪಿಯಲ್ಲಿ ಎಷ್ಟು ಹುಡುಕಿದರೂ ಈ ಅಳತೆ ಸಿಗಲಿಲ್ಲ. ಒಂದು ಅಂಗಡಿಯಲ್ಲಿ 155/80 ಹಾಕಿಸಿ ಎಂದರು.

ಲೆಕ್ಕ ಹಾಕಿದೆ. ಅಗಲ 145 ಮಿ.ಮೀ., ಅದರ ಶೇ. 70 ಟೈರ್‌ನ ಪಕ್ಕದ ಎತ್ತರ. ಅದರ ಎರಡರಷ್ಟಕ್ಕೆ ರಿಮ್‌ನ ವ್ಯಾಸ 330 (ಆರ್13 ಅಂದರೆ 13 ಇಂಚಿನ ರಿಮ್) ಸೇರಿಸಿದರೆ ಟೈರ್‌ನ ಒಟ್ಟು ವ್ಯಾಸ 533 ಮಿ.ಮೀ. 155/80 ಆದರೆ 578! ದೊಡ್ಡ ಟೈರ್ ಒಂದು ಸುತ್ತಿಗೆ ಹೆಚ್ಚು ದೂರ ಹೋಗುವುದರಿಂದ, ಮೀಟರ್ 80 ತೋರಿಸುವಾಗ ಕಾರು ಸುಮಾರು 87ರಲ್ಲಿ ಓಡುತ್ತದೆ. ಬೇಡವೇ ಬೇಡ ಅಂದೆ.

155/65 ಆರ್13 ಆದರೆ 532. ಹೆಚ್ಚುಕಡಿಮೆ ಹಳೆಯದರಷ್ಟೇ ಅಲ್ವಾ? ಟೈರ್ ಮೇಲೆ ಬರೆದಿರುವ ಭಾರದ ಸಂಖ್ಯೆ 73, ಅಂದರೆ ಒಂದು ಟೈರ್ 365 ಕೆ.ಜಿ. ಹೊರುತ್ತದೆ.

ಮಂಗಳೂರಿನಲ್ಲಿ ಸಿಕ್ಕಿತು. ನಾಲ್ಕೂ ಒಟ್ಟಿಗೆ ಬದಲಿಸಿದೆ. ಕಾರಿನ ತುಂಬ ಜನ ಕೂರಿಸಿ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದೆ. ಟೈರ್ ಕಾರಿಗೆ ಎಲ್ಲೂ ಉಜ್ಜಲಿಲ್ಲ.