ಬೋರಿನ ನೀರು ಮುಟ್ಟಿಸದೆ ಡ್ರಾಸೆರಾ ಬೆಳೆಸಿದ್ದು

"ವಿಜಯಪುರದಾಗ ನೊಣ ತಿನ್ನೋ ಗಿಡ ಬೆಳಿತಾವಂತ ಯಾರ್ ಹೇಳ್ಯಾರ್ರಿ ನಿಮಗ?" ಅಂತ ನರ್ಸರಿಯವರು ನಕ್ಕು ಮೂರು ವರ್ಷವಾಯಿತು. ಈಗ ನಮ್ಮ ಮಾಳಿಗೆಯ ಮೇಲೆ ನಲವತ್ತರ ಸುಮಾರು ಡ್ರಾಸೆರಾ ಇವೆ, ಎಲೆಯ ಅಂಟಿನಲ್ಲಿ ನೊಣ ಹಿಡಿದು ತಿನ್ನುವ ಗಿಡಗಳು. ಬೆಳಿಗ್ಗೆ ಹತ್ತಿರ್ಹೋಗಿ ನೋಡಿದರೆ ಕೆಂಪು ಕೂದಲಿನ ತುದಿತುದಿಗೂ ಅಂಟಿನ ಹನಿ.

ಮೊದಲು ತರಿಸಿದ ಮೂರು ಕೇಪೆನ್ಸಿಸ್ ಜಾತಿಯ ಡ್ರಾಸೆರಾಕ್ಕೆ 1,200 ಚಿಲ್ಲರೆ ಹೋಯಿತು. ಕುಂಡಕ್ಕೆ ಕೋಕೋಪೀಟು, ಅಂದರೆ ತೆಂಗಿನ ನಾರಿನ ಪುಡಿ, ಮೇಲೆ ಬೋರಿನ ನೀರು. ಹದಿನೈದು ದಿನಕ್ಕೆ ಹನಿ ಆರಿತು, ಎಲೆತುದಿ ಕರ್ರಗಾಯಿತು. ಬಿಸಿಲಿನದೇ ತಪ್ಪು ಎಂದು ನೆರಳಿಗೆ ಸರಿಸಿದೆ, ಇನ್ನೂ ಬೇಗ ಸತ್ತವು. ಎರಡನೇ ಸಲ ಆರ್‌ಓ ನೀರು ಹಾಕಿದೆ, ಒಂದೂವರೆ ತಿಂಗಳು ಬದುಕಿದವು ಅಷ್ಟೆ. ಸಿಟ್ಟಿಗೆದ್ದು, ನೀರಿನಲ್ಲಿ ಕರಗಿದ ಉಪ್ಪಿನಂಶ ತೋರಿಸುವ 250 ರೂಪಾಯಿಯ ಟಿಡಿಎಸ್ ಮೀಟರ್ ತಂದೆ. ಬೋರು ಸಾವಿರದ ಮೇಲೆ, ಆರ್‌ಓ ಅರವತ್ತರ ಆಸುಪಾಸು. ಆದರೆ ಕುಂಡದ ತಳದಿಂದ ಸೋರಿದ ನೀರು ನಾನೂರು ದಾಟಿತ್ತು! ಕೋಕೋಪೀಟಿನ ಉಪ್ಪು, ಈ ಗಿಡಕ್ಕೆ ಆಗದ್ದೇ ಅದು.

ಕೋಕೋಪೀಟಿನ ಬದಲು ಪೀಟ್ ಮಾಸ್, ಅಂದರೆ ಜೌಗಿನಲ್ಲಿ ಕೊಳೆತ ಪಾಚಿ. ಅದು ದುಬಾರಿ, ಹಾಗಾಗಿ ಅರ್ಧ ಮರಳು ಸೇರಿಸೋಣ ಎಂದುಕೊಂಡೆ. ಇಲ್ಲಿನ ಮರಳಿಗೆ ನಿಂಬೆರಸ ಹಿಂಡಿದರೆ ಬುಸುಬುಸು ನೊರೆ, ಸುಣ್ಣ. ಅದನ್ನು ಚೆಲ್ಲಿ ಪರ್ಲೈಟ್ ಎಂಬ ಹಗುರ ಬಿಳಿ ಕಲ್ಲಿನ ಹರಳು ತರಿಸಿದೆ. ಅರ್ಧಕ್ಕರ್ಧ, ಗೊಬ್ಬರ ಒಂದು ಚಿಟಿಕೆಯೂ ಇಲ್ಲ. ಪ್ಲಾಸ್ಟಿಕ್ ಕುಂಡ, ಕೆಳಗೆ ಪರಾತದಲ್ಲಿ ಎರಡು ಬೆರಳು ನೀರು. ಮಳೆಗಾಲದಲ್ಲಿ ಡ್ರಮ್ಮು ತುಂಬಿಸಿಡುತ್ತೇನೆ. ಬೇಸಿಗೆಗೆ ಪಕ್ಕದ ಮನೆ ಏಸಿಯ ಪೈಪಿಗೆ ನನ್ನ ಬಕೆಟ್ಟು. ಮೀಟರ್ ಹದಿನೈದರ ಒಳಗೇ ತೋರಿಸುತ್ತದೆ, ಪುಕ್ಕಟೆ.

ನಡುವೆ ಒಂದು ಹುಚ್ಚಾಟ: ಎಲೆಯ ಮೇಲೆ ಮಟನ್ ಚೂರು ಇಟ್ಟೆ. ಬೂಸ್ಟು ಹಿಡಿದು ಎಲೆ ಕೊಳೆಯಿತು, ಮನೆಯಾಕೆಯ ಬೈಗುಳ ಬೇರೆ. ಮೀನಿನ ಆಹಾರವನ್ನು ಪುಡಿಮಾಡಿ ಸೂಜಿತುದಿಯಷ್ಟು ಉದುರಿಸಿದರೆ ಸಾಕು, ಸಂಜೆಯೊಳಗೆ ಎಲೆ ಮಡಚಿಕೊಳ್ಳುತ್ತದೆ. ಬರ್ಮಾನಿ ಎಂಬ ಇನ್ನೊಂದು ಜಾತಿಯ ಎಲೆಯಂಚಿನ ಕೂದಲಂತೂ ಕೆಲವೇ ಸೆಕೆಂಡಿನಲ್ಲಿ ಬಾಗುತ್ತವೆ, ಕಣ್ಣಾರೆ ಕಾಣಬಹುದು. ಕೇಪೆನ್ಸಿಸ್ ಎಲೆ ತುಂಡರಿಸಿ ಏಸಿ ನೀರಿನ ಬಾಟಲಿಯಲ್ಲಿ ತೇಲಿಬಿಟ್ಟೆ, ತಿಂಗಳೊಪ್ಪತ್ತಿಗೆ ಮರಿ ಒಡೆದವು. ನಲವತ್ತರಲ್ಲಿ ಅರ್ಧ ಹೀಗೆ ಬಂದವೇ.

ಏಪ್ರಿಲ್, ಮೇ ದಾಟಿಸುವುದೇ ಕಷ್ಟ. ಕುಂಡಕ್ಕೆ ಒದ್ದೆ ಗೋಣಿತಟ್ಟು ಸುತ್ತುತ್ತೇನೆ, ಮಧ್ಯಾಹ್ನ ಹಸಿರು ಬಲೆ ಕಟ್ಟುತ್ತೇನೆ. 

ಹೋದ ತಿಂಗಳು ಅದೇ ನರ್ಸರಿಯವರು ಬಂದು ನಾಲ್ಕು ಕುಂಡ ಒಯ್ದರು, ಒಂದಕ್ಕೆ 150ರಂತೆ. ಮೊನ್ನೆ ಫೋನು: "ಹನಿ ಎಲ್ಲಾ ಆರ್ಯಾವಲ್ರಿ ಸರ?"

"ಯಾವ ನೀರ್ ಹಾಕೀರಿ?"

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ.